ಮುಗಿಯುವ ಮೊದಲೇ ಮುಚ್ಚಿದ ಪೀಪಾಯಿ

ಬಿಯರ್ ಇನ್ನೂ ಹುದುಗುತ್ತಿರುವಾಗಲೇ ಅದನ್ನು ಪೀಪಾಯಿಗೆ ಇಳಿಸಿ ಬಾಯಿ ಬಿಗಿಯುವ ಜರ್ಮನ್ ಕ್ರಮಕ್ಕೆ ಸ್ಪುಂಡಿಂಗ್ ಎಂದು ಹೆಸರು. ಮನೆಯಲ್ಲಿ ಬಿಯರ್ ತಯಾರಿಸುವವರ ಕೈಗೆ ಬಂದ ವಿದ್ಯೆಗಳಲ್ಲಿ ಇದರಷ್ಟು ಚೆಂದದ್ದು ನನಗೆ ಬೇರೆ ಕಂಡಿಲ್ಲ.

ಮರ್ಮವೆಲ್ಲ ಉಳಿದ ಸಕ್ಕರೆಯಲ್ಲಿದೆ. ಯೀಸ್ಟ್ ಸಕ್ಕರೆಯನ್ನು ತಿಂದಂತೆಲ್ಲ ದ್ರವದ ಸಾಂದ್ರತೆ ಇಳಿಯುತ್ತದೆ. ಕೊನೆಗೆ 1.010ಕ್ಕೆ ನಿಲ್ಲಬೇಕಾದ ಲಾಗರನ್ನು 1.014ರ ಹೊತ್ತಿಗೇ ಮುಚ್ಚಿದರೆ, ಮಿಕ್ಕ ಸಕ್ಕರೆಯಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ಬಿಯರಿನಲ್ಲೇ ಕರಗುತ್ತದೆ. ಸಿಲಿಂಡರಿನ ಅನಿಲ ಬೇಡ, ಮೇಲಿಂದ ಸಕ್ಕರೆ ಬೆರೆಸುವುದೂ ಬೇಡ. ನೀರು, ಬಾರ್ಲಿ, ಹಾಪ್ಸ್ ಬಿಟ್ಟು ಬೇರೇನೂ ಕೂಡದೆಂದು 1516ರಲ್ಲಿ ಕಟ್ಟಳೆ ಮಾಡಿದ ಬವೇರಿಯಾದ ಮನೋಧರ್ಮಕ್ಕೆ ಇದು ಎಷ್ಟು ಒಪ್ಪುತ್ತದೆ!

ಹೆಚ್ಚಾದ ಒತ್ತಡವನ್ನು, ಕುಕ್ಕರಿನ ವೆಯ್ಟ್‌ನಂತೆ, ಒಂದು ಪುಟ್ಟ ವಾಲ್ವ್ ಹೊರಬಿಡುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಸುಮಾರು 1.2 ಬಾರ್‌ಗೆ, 20 ಡಿಗ್ರಿಯಲ್ಲಿ ಹತ್ತಿರಹತ್ತಿರ 2 ಬಾರ್‌ಗೆ ತಿರುಗಿಸಿಟ್ಟರೆ ನೊರೆ ಹದವಾಗಿ ಬರುತ್ತದೆ. ಒತ್ತಡ ತಡೆಯುವ ಉಕ್ಕಿನ ಪೀಪಾಯಿಯೇ ಬೇಕು. ಗಾಜಿನ ಜಾಡಿಯಲ್ಲಿ ಖಂಡಿತ ಕೂಡದು.

ನನಗೆ ನೊರೆಗಿಂತ ಹೆಚ್ಚು ಪ್ರಿಯವಾದದ್ದು ತಾಜಾತನ. ವರ್ಗಾಯಿಸುವಾಗ ನುಸುಳುವ ಆಮ್ಲಜನಕವೇ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರಿಸುವುದು. ಇಲ್ಲಿ ಯೀಸ್ಟ್ ಇನ್ನೂ ಚುರುಕಾಗಿರುವುದರಿಂದ ಅದರ ಬಹುಪಾಲನ್ನು ತಾನೇ ಹೀರಿಬಿಡುತ್ತದೆ. ಹಾಪ್ಸ್‌ನ ಪರಿಮಳ ವಾರಗಟ್ಟಲೆ ಉಳಿಯುತ್ತದೆ. ತಳದಲ್ಲಿ ಗಸಿ ಕೂರುತ್ತದೆ, ನಿಜ. ಮೊದಲ ಲೋಟವನ್ನು ಚೆಲ್ಲಿ ಎರಡನೆಯದನ್ನು ಹಿಡಿಯಿರಿ.