ಕುದುರೆಯಿಂದ ಇಳಿದವನು

ಕಳೆದ ಬೇಸಿಗೆ ರಜೆಯಲ್ಲಿ ಮಗಳು ಊರಿಗೆ ಬಂದಾಗ, "ಅಮ್ಮಾ, ಒಂದು ಸಿನಿಮಾ ತೋರಿಸ್ತೀನಿ, ಬಾ ಕೂತ್ಕೋ" ಎಂದಳು. ನಾನು ಹಪ್ಪಳದ ಹಿಟ್ಟು ನಾದಿ ಇಟ್ಟಿದ್ದೆ. ಅಮೆರಿಕದ ಕೌಬಾಯ್ ಒಬ್ಬನ ಕತೆ ಎಂದು ಕೇಳಿದ ಮೇಲಂತೂ ಉತ್ಸಾಹವೇ ಇಳಿದುಹೋಯಿತು. ಕೌಬಾಯ್ ಎಂದರೆ ನನ್ನ ತಲೆಮಾರಿನವರಿಗೆ ಗೊತ್ತಿದ್ದದ್ದು ಅಗಲವಾದ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸುವ ಕುದುರೆ, ಇಷ್ಟೇ. ಆದರೆ ಅವಳು ಬಿಡಲಿಲ್ಲ. ಚಿತ್ರ ಮುಗಿಯುವಾಗ ಹಿಟ್ಟು ಒಣಗಿತ್ತು. ನನ್ನ ಕಣ್ಣು ಒಣಗಿರಲಿಲ್ಲ.

ಚಿತ್ರದ ಹೆಸರು 'ದ ರೈಡರ್', ಅಂದರೆ ಸವಾರ. 2017ರಲ್ಲಿ ತೆರೆಕಂಡದ್ದು. ನಿರ್ದೇಶಿಸಿದವಳು ಚೀನಾದ ಬೀಜಿಂಗ್‌ನಲ್ಲಿ ಹುಟ್ಟಿದ ಕ್ಲೋಯಿ ಜಾವ್ ಎಂಬ ಹೆಣ್ಣುಮಗಳು. ಮುಂದೆ 2021ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಚಿತ್ರಕ್ಕಾಗಿ ಶ್ರೇಷ್ಠ ನಿರ್ದೇಶನದ ಆಸ್ಕರ್ ಪಡೆದಳು. ಆ ಪ್ರಶಸ್ತಿ ಪಡೆದ ಮಹಿಳೆಯರಲ್ಲಿ ಅವಳು ಎರಡನೆಯವಳು. ಕತೆ ನಡೆಯುವುದು ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಜ್ ಎಂಬ ಸೀಮೆಯಲ್ಲಿ. ಅದು ಲಕೋಟಾ ಎಂಬ ಮೂಲನಿವಾಸಿಗಳ ನೆಲೆ. ಹೆಸರು ಕೇಳಿದರೆ ನಮಗೆ ಅಂಚೆಯ ಲಕೋಟೆ ನೆನಪಾದೀತು! ಹಳೆಯ ಚಿತ್ರಗಳಲ್ಲಿ ಕೌಬಾಯ್‌ಗಳಿಗೂ ಮೂಲನಿವಾಸಿಗಳಿಗೂ ಹಾವು ಮುಂಗುಸಿಯ ವೈರ. ಇಲ್ಲಿ ಮೂಲನಿವಾಸಿಯೇ ಕೌಬಾಯ್.

ನಾಯಕ ಬ್ರೇಡಿ ಜಾಂಡ್ರೊ ನಟನಲ್ಲ, ನಿಜವಾಗಿಯೂ ಕುದುರೆ ಪಳಗಿಸುವವನು, ರೋಡಿಯೊ ಸವಾರ. ರೋಡಿಯೊ ಎಂದರೆ ಅಲ್ಲಿನ ಜಾತ್ರೆಯಂಥ ಪಂದ್ಯ. ಎಗರಿ ಒದೆಯುವ ಕುದುರೆಯ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು 8 ಸೆಕೆಂಡು ಕೂರಬೇಕು. ಇನ್ನೊಂದು ಕೈ ಕುದುರೆಗೂ ತಾಗಬಾರದು, ತನ್ನ ಮೈಗೂ ತಾಗಬಾರದು. ನೂರು ಅಂಕದಲ್ಲಿ ಅರ್ಧ ಸವಾರನಿಗೆ, ಅರ್ಧ ಕುದುರೆಗೆ. ಕುದುರೆಗೂ ಅಂಕ ಕೊಡುವ ಈ ನ್ಯಾಯ, ಜೀವನವಿಡೀ ಅಂಕ ಹಾಕಿದ ನನಗೆ ತುಂಬಾ ಹಿಡಿಸಿತು. 2016ರಲ್ಲಿ ಇಂಥ ಒಂದು ಪಂದ್ಯದಲ್ಲಿ ಕುದುರೆ ಅವನನ್ನು ಕೆಡವಿ ತಲೆಯ ಮೇಲೆ ಕಾಲಿಟ್ಟಿತು. ಬುರುಡೆಗೆ ಲೋಹದ ತಗಡು ಹಾಕಿ ಉಳಿಸಿದ ವೈದ್ಯರು, ಇನ್ನು ಸವಾರಿ ಬೇಡ ಎಂದರು. ಅದೇ ಚಿತ್ರದ ಕತೆಯಾಯಿತು. ತಂದೆಯ ಪಾತ್ರದಲ್ಲಿ ಅವನ ತಂದೆಯೇ ಇದ್ದಾನೆ, ತಂಗಿಯ ಪಾತ್ರದಲ್ಲಿ ತಂಗಿ ಲಿಲ್ಲಿಯೇ ಇದ್ದಾಳೆ.

ಚಿತ್ರದ ಬ್ರೇಡಿಗೆ ತಾಯಿಲ್ಲ. ತಂದೆ ಕುಡಿತ ಜೂಜುಗಳ ಗೀಳಿನವನು. ಮನೆಯ ಬಾಡಿಗೆಗಾಗಿ ಮಗನ ಪ್ರೀತಿಯ ಕುದುರೆಯನ್ನು ಮಾರಿಬಿಡುತ್ತಾನೆ. ಆಮೇಲೆ ಅದೇ ತಂದೆ ಅಪೊಲೊ ಎಂಬ ಇನ್ನೊಂದು ಕುದುರೆಯನ್ನು ಮಗನಿಗೆ ತಂದುಕೊಡುತ್ತಾನೆ. ಮನೆಯ ಗಂಡಸರು ಹೀಗೇ ಅಲ್ಲವೇ? ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ, ಏನಾದರೂ ತಂದು ಕೈಗಿಡುತ್ತಾರೆ. ಆ ಅಪೊಲೊ ಮುಳ್ಳುತಂತಿಗೆ ಸಿಕ್ಕಿ ಕಾಲು ಹರಿದುಕೊಳ್ಳುತ್ತದೆ. ಅದಕ್ಕೆ ಗುಂಡಿಕ್ಕಬೇಕಾದಾಗ ಮಗನಿಂದ ಆಗುವುದಿಲ್ಲ, ತಂದೆ ಆ ಕೆಲಸ ಮಾಡುತ್ತಾನೆ. ಗಾಯಗೊಂಡ ಕುದುರೆಗೆ ಸಾವೇ ಬಿಡುಗಡೆ. ಅಷ್ಟೇ ಗಾಯಗೊಂಡ ಮನುಷ್ಯ ಮಾತ್ರ ಬದುಕಲೇಬೇಕು ಎಂದು ಬ್ರೇಡಿ ತಂಗಿಗೆ ಹೇಳುವ ಮಾತಿನಲ್ಲಿ ಇಡೀ ಚಿತ್ರದ ಸಾರವಿದೆ.

ಹೊಟ್ಟೆಪಾಡಿಗೆ ಬ್ರೇಡಿ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರುತ್ತಾನೆ. ಎದೆಯ ಮೇಲೆ ಹೆಸರಿನ ಪಟ್ಟಿ. ಅಲ್ಲಿಗೆ ಬಂದ ಹುಡುಗರು ಅವನ ಗುರುತು ಹಿಡಿದು ಜೊತೆಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅವನ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ. ಅದಕ್ಕೊಂದು ಕಾರಣವಿತ್ತು. ಮೂವತ್ತು ವರ್ಷ ಅರವತ್ತು ಮಕ್ಕಳ ತರಗತಿಯಲ್ಲಿ ಕೂಗಿ ಪಾಠ ಹೇಳಿದ ನನ್ನ ಗಂಟಲು ಹೋದ ವರ್ಷ ಕೈಕೊಟ್ಟಿತು. ಧ್ವನಿಪೆಟ್ಟಿಗೆಯಲ್ಲಿ ಗಂಟುಗಳಾಗಿವೆ, ಮಾತು ಕಡಿಮೆ ಮಾಡಿ ಎಂದರು ವೈದ್ಯರು. ಸ್ವಯಂ ನಿವೃತ್ತಿ ತಗೋ ಎಂದಳು ಮಗಳು. ನಾನು ರೇಗಿದೆ. ಬ್ರೇಡಿಯ ಬೆರಳುಗಳು ಹಗ್ಗ ಹಿಡಿದರೆ ಬಿಡಲು ಬಾರದಂತೆ ಸೆಟೆದುಕೊಳ್ಳುತ್ತವೆ. ಏಟು ತಿಂದ ಮಿದುಳಿನ ಚೇಷ್ಟೆ ಅದು. ನನ್ನ ಹಿಡಿತವೂ ಅಂಥದೇ ಆಗಿತ್ತು.

ಚಿತ್ರದ ಕೊನೆಯ ಭಾಗದಲ್ಲಿ ಅವನು ಯಾರ ಮಾತೂ ಕೇಳದೆ ಮತ್ತೆ ಪಂದ್ಯಕ್ಕೆ ಹೊರಡುತ್ತಾನೆ. ಇನ್ನೇನು ಕುದುರೆ ಏರಬೇಕು, ಆಗ ತಂದೆ ತಂಗಿ ಬಂದು ನಿಂತದ್ದು ಕಾಣುತ್ತದೆ. ಅವರು ತಡೆಯುವುದಿಲ್ಲ, ಕೂಗುವುದಿಲ್ಲ. ಬ್ರೇಡಿ ತಿರುಗಿ ಅವರ ಕಡೆಗೆ ನಡೆಯುತ್ತಾನೆ. ಗೆದ್ದು ಬರುವ ನಾಯಕರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಮನೆಯವರಿಗಾಗಿ ಸ್ಪರ್ಧೆಯನ್ನೇ ಬಿಟ್ಟು ಬರುವವನನ್ನು ನಾಯಕನೆಂದು ತೋರಿಸಲು ಒಬ್ಬ ಹೆಣ್ಣೇ ಕ್ಯಾಮೆರಾದ ಹಿಂದೆ ನಿಲ್ಲಬೇಕಾಯಿತೇನೋ.

ಹಾಗೆಂದು ನನ್ನ ತಕರಾರು ಇಲ್ಲದಿಲ್ಲ. ಲಿಲ್ಲಿ ಬೇರೆ ಮಕ್ಕಳಂತಲ್ಲ. ಅವಳ ಲೋಕವೇ ಬೇರೆ, ಮಾತಿನ ರೀತಿಯೇ ಬೇರೆ. ಅಣ್ಣ ಅವಳನ್ನು ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ, ನಿಜ. ಆದರೆ ನಾಳೆ ಆ ಹುಡುಗಿಯ ಗತಿ ಏನು, ಅವಳಿಗೇನು ಆಸೆ ಎಂದು ಚಿತ್ರ ಒಮ್ಮೆಯೂ ಕೇಳುವುದಿಲ್ಲ. ಅಣ್ಣನ ಕನಸು ಮುರಿದದ್ದಕ್ಕೆ ಅಷ್ಟೊಂದು ಸಂಜೆಯ ಬೆಳಕು, ಅಷ್ಟೊಂದು ಆಕಾಶ. ತಂಗಿಯ ಕನಸಿಗೆ ಒಂದು ಕಿಟಕಿಯಾದರೂ ಬೇಡವೇ? ಇನ್ನೊಂದು ಮಾತು. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದ 2018ರ ಹೊತ್ತಿಗೆ ನಿಜವಾದ ಬ್ರೇಡಿ ಮದುವೆಯಾಗಿ ಒಬ್ಬ ಮಗಳ ತಂದೆಯಾಗಿದ್ದ. ಕುದುರೆ ಸಾಕಿ ಪಳಗಿಸುವುದನ್ನೇ ಬದುಕು ಮಾಡಿಕೊಂಡಿದ್ದ. ಚಿತ್ರದ ಬ್ರೇಡಿಗೆ ಹೆಂಡತಿಯಿಲ್ಲ. ಒಂಟಿತನ ತೆರೆಯ ಮೇಲೆ ಚೆಂದ ಕಾಣುತ್ತದೆ. ಆದರೆ ಬಿದ್ದವನನ್ನು ಎಬ್ಬಿಸಿ ನಿಲ್ಲಿಸುವ ಸಂಸಾರವೂ ಕಡಿಮೆ ಚೆಂದದ್ದಲ್ಲ.

ಇಷ್ಟಾದರೂ ನೀವು ನೋಡಬೇಕಾದ ಚಿತ್ರವಿದು. ಬ್ರೇಡಿ ಪಳಗದ ಕುದುರೆಯ ಹತ್ತಿರ ಹೋಗುವ ದೃಶ್ಯಗಳನ್ನಂತೂ ನಮ್ಮ ಬಿಎಡ್ ಕಾಲೇಜುಗಳಲ್ಲಿ ತೋರಿಸಬೇಕು. ಅವೇನೂ ನಟನೆಯಲ್ಲ. ಅವನು ಬೆತ್ತ ಎತ್ತುವುದಿಲ್ಲ, ಗದರುವುದಿಲ್ಲ. ಮೆಲ್ಲಗೆ ಮಾತಾಡುತ್ತಾ, ಹಿಂದೆ ಸರಿಯುತ್ತಾ, ಮತ್ತೆ ಮುಂದೆ ಬರುತ್ತಾ ಅದು ತಾನಾಗಿ ನಂಬುವವರೆಗೆ ಕಾಯುತ್ತಾನೆ. ಸವಾರಿಯ ಪಂದ್ಯ ಕೈಬಿಟ್ಟಿತು, ಕುದುರೆಯ ನಂಟು ಕೈಬಿಡಲಿಲ್ಲ.

ಸಿನಿಮಾ ಮುಗಿದ ಮೇಲೆ ಮಗಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಚಿತ್ರವನ್ನೇ ಯಾಕೆ ಆರಿಸಿದಳೆಂದು ಇಬ್ಬರಿಗೂ ಗೊತ್ತಿತ್ತು. ಜೂನ್‌ನಲ್ಲಿ ಶಾಲೆ ಶುರುವಾದಾಗ ದೊಡ್ಡ ತರಗತಿಯ ಪಾಠ ಬಿಟ್ಟುಕೊಟ್ಟೆ. ಈಗ ಓದಲು ಹಿಂದೆ ಬಿದ್ದ ಎಂಟು ಮಕ್ಕಳನ್ನು ವರಾಂಡದ ಮೂಲೆಯಲ್ಲಿ ಸುತ್ತ ಕೂರಿಸಿಕೊಳ್ಳುತ್ತೇನೆ. ಅಲ್ಲಿ ಪಿಸುಮಾತಿನಲ್ಲಿ ಹೇಳಿದರೂ ಕೇಳಿಸುತ್ತದೆ.