ಎರಗದ ತಲೆ: ವಿನಯದ ಅವನತಿಯ ಕುರಿತೊಂದು ವಿಮರ್ಶೆ

ಸಮಾಜದಲ್ಲಿ ವಿನಯ ಅಳಿಯುತ್ತಿದೆ, ಕಿರಿಯರ ನಡೆನುಡಿಯಲ್ಲಿ ಸೌಜನ್ಯ ಉಳಿದಿಲ್ಲ ಎಂಬ ಮಾತು ಮದುವೆಯ ಪಂಕ್ತಿಯಿಂದ ಹಿಡಿದು ಪಂಚಕಲ್ಯಾಣದ ವೇದಿಕೆಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಹೇಳುವವರು ಬಹುಮಟ್ಟಿಗೆ ಅರವತ್ತು ದಾಟಿದವರು. ಹೌದೆಂದು ತಲೆಯಾಡಿಸುವವರೂ ಅದೇ ವಯಸ್ಸಿನವರು. ಮಾತಿಗೆ ತೂಕ ಬರಲೆಂದು ಕೆಲವರು ಸಾಕ್ರೆಟಿಸನನ್ನು ಸಾಕ್ಷಿಗೆ ಕರೆಯುತ್ತಾರೆ: ಹಿರಿಯರು ಬಂದರೆ ಯುವಕರು ಎದ್ದು ನಿಲ್ಲುವುದಿಲ್ಲವೆಂದು ಆತನೂ ಮರುಗಿದ್ದನಂತೆ. ಈ ಸಾಕ್ಷ್ಯ ನಿಲ್ಲತಕ್ಕದ್ದಲ್ಲ. ಪ್ರಚಾರದಲ್ಲಿರುವ ಆ ವಾಕ್ಯಗಳು ಸಾಕ್ರೆಟಿಸನವಲ್ಲ. ಕೆನೆತ್ ಜಾನ್ ಫ್ರೀಮನ್ ಎಂಬ ಕೇಂಬ್ರಿಜಿನ ವಿದ್ವಾಂಸ ಪ್ರಾಚೀನ ಗ್ರೀಕರ ದೂರುಗಳನ್ನು ಒಟ್ಟುಗೂಡಿಸಿ ತನ್ನ ಮಾತಿನಲ್ಲಿ ಬರೆದ ಸಾರಾಂಶದಿಂದ ಬಂದವು. ಆತನ ಪ್ರಬಂಧ ಅಚ್ಚಾದದ್ದು 1907ರಲ್ಲಿ. ಆದರೂ ದೂರು ಪುರಾತನವಾದುದು ಎಂಬುದಂತೂ ದಿಟ. ಪುರಾತನವಾದ ಮಾತ್ರಕ್ಕೆ ಅದು ಸುಳ್ಳಾಗಬೇಕಾಗಿಲ್ಲ. ಬೆಲೆ ಏರಿತೆಂದು ಗಿರಾಕಿ ಪ್ರತಿವರ್ಷವೂ ಗೊಣಗುತ್ತಾನೆ. ಬೆಲೆಯೂ ಬಹುತೇಕ ಪ್ರತಿವರ್ಷ ಏರಿಯೇ ಇರುತ್ತದೆ.

ಪರೀಕ್ಷಿಸಬೇಕಾದ ಪ್ರಶ್ನೆ ಬೇರೆ. ಅಳಿಯುತ್ತಿರುವುದು ವಿನಯವೋ, ಅಂಜಿಕೆಯೋ? ಹೊರನೋಟಕ್ಕೆ ಎರಡೂ ಒಂದೇ. ಎರಡರಲ್ಲಿಯೂ ತಲೆ ಬಾಗುತ್ತದೆ, ಧ್ವನಿ ತಗ್ಗುತ್ತದೆ, ಕೈಗಳು ಕೂಡುತ್ತವೆ. ಇವೆರಡನ್ನು ಬೇರ್ಪಡಿಸಿ ತೋರಿಸಿದ ಪ್ರಸಂಗವೊಂದು ಕನ್ನಡದ ಆದಿಕವಿಯಲ್ಲಿಯೇ ಇದೆ. ಜೈನ ಮನೆಗಳಲ್ಲಿ ಅದನ್ನು ಕೇಳದವರಿಲ್ಲ. ಆದರೆ ಅದನ್ನು ವೈರಾಗ್ಯದ ಕಥೆಯಾಗಿ ಓದುವ ರೂಢಿಯಲ್ಲಿ, ಅದು ವಿನಯದ ಕಥೆಯೂ ಹೌದೆಂಬುದು ಮರೆತುಹೋಗಿದೆ.

ಪಂಪನ ‘ಆದಿಪುರಾಣ’ 941ರಲ್ಲಿ ರಚಿತವಾಯಿತು. ಷಟ್ಖಂಡಗಳನ್ನು ಗೆದ್ದು ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ; ತಮ್ಮಂದಿರು ಎರಗದ ಹೊರತು ಅದು ಒಳಹೊಗದು. ಉಳಿದ ತಮ್ಮಂದಿರು ಎರಗುವ ಬದಲು ತಂದೆಯಾದ ಆದಿದೇವನ ಬಳಿಗೆ ಹೋಗಿ ದೀಕ್ಷೆ ಪಡೆಯುತ್ತಾರೆ. ಪೌದನಪುರಕ್ಕೆ ಬಂದ ದೂತನಿಗೆ ಬಾಹುಬಲಿ ಕೊಡುವ ಉತ್ತರವನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಅಣ್ಣನಿಗೆ ಎರಗುವುದರಲ್ಲಿ ಯಾವ ಅವಮಾನವೂ ಇಲ್ಲವೆಂದು ಆತ ಮೊದಲೇ ಒಪ್ಪಿಕೊಳ್ಳುತ್ತಾನೆ. ಆದರೆ ನೆತ್ತಿಯ ಮೇಲೆ ಕತ್ತಿಯನ್ನೂರಿ ಎರಗಿಸಿಕೊಳ್ಳಬೇಕೆನ್ನುವವನಿಗೆ ಬಾಗಿದರೆ ಅದು ಹಿರಿಯನಿಗೆ ಸಂದ ಗೌರವವಾಗದು, ಬರಿಯ ಅಂಜಿಕೆಯಾಗುತ್ತದೆ ಎನ್ನುವುದು ಆತನ ವಾದದ ತಿರುಳು. ಬಾಗುವ ತಲೆಯೂ ಅದೇ, ಅಣ್ಣನೂ ಅದೇ. ನಡುವೆ ಕತ್ತಿಯೊಂದು ಬಂದೊಡನೆ ಕ್ರಿಯೆಯ ಅರ್ಥವೇ ಬದಲಾಯಿತು.

ಬಾಹುಬಲಿಯನ್ನು ಅವಿನಯಿ ಎನ್ನಲು ಯಾರಿಗೂ ಸಾಧ್ಯವಿಲ್ಲ. ಏಕೆಂದರೆ ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿ ಹಿಡಿದ ಆ ಗಳಿಗೆಯಲ್ಲಿ, ಈತ ಹಿರಿಯ, ಈತನಿಗೆ ಭಂಗ ಬರಬಾರದು ಎಂದು ಬಗೆದು ನೆಲಕ್ಕೆ ಬಡಿಯದೆ ಮೆಲ್ಲನೆ ಇಳಿಸಿದವನೂ ಅವನೇ. ಕತ್ತಿ ಅಣ್ಣನ ಕೈಯಲ್ಲಿದ್ದಾಗ ಬಾಗದವನು ಬಲವು ತನ್ನ ಕೈಗೆ ಬಂದಾಗ ಬಾಗಿದನು. ಎದುರಾಳಿ ಕೈಗೆ ಸಿಕ್ಕಾಗ ಮನುಷ್ಯ ಅವನನ್ನು ಹೇಗೆ ಕೆಳಗಿಳಿಸುತ್ತಾನೆ ಎಂಬುದರಲ್ಲಿ ವಿನಯದ ನಿಜವಾದ ತೂಕ ತಿಳಿಯುತ್ತದೆ.

ಈ ತಕ್ಕಡಿಯನ್ನು ಹಿಡಿದು ಕಳೆದ ಕಾಲದ ‘ಮರ್ಯಾದೆ’ಯನ್ನು ತೂಗಿ ನೋಡಬಹುದು. ಹಿಂದೆ ಗೇಣಿದಾರನು ಒಡೆಯರ ಮನೆಗೆ ಬಂದರೆ ಅಂಗಳದಲ್ಲಿಯೇ ನಿಲ್ಲುತ್ತಿದ್ದನು. ಹೆಗಲ ಮೇಲಿನ ವಸ್ತ್ರ ತಾನಾಗಿ ಸೊಂಟಕ್ಕೆ ಇಳಿಯುತ್ತಿತ್ತು. ಜಗಲಿಯ ಮೇಲಿನಿಂದ ‘ಏನೋ, ಬಂದೆಯಾ’ ಎಂಬ ಏಕವಚನ; ಕೆಳಗಿನಿಂದ ಬಹುವಚನದಲ್ಲಿ ಉತ್ತರ. ಒಡೆಯನ ವಯಸ್ಸು ಇಪ್ಪತ್ತು, ಒಕ್ಕಲಿನವನದು ಎಪ್ಪತ್ತಾಗಿದ್ದರೂ ಈ ವ್ಯಾಕರಣ ಬದಲಾಗುತ್ತಿರಲಿಲ್ಲ. ಹಾಗಾದರೆ ಅದು ಹಿರಿಯರಿಗೆ ಸಲ್ಲುತ್ತಿದ್ದ ವಿನಯ ಹೇಗಾದೀತು? ಮುಂದಿನ ವರ್ಷ ಹೊಲ ಕೈಯಲ್ಲಿ ಉಳಿಯುವುದೋ ಇಲ್ಲವೋ ಎಂಬ ಕತ್ತಿ ಆ ನೆತ್ತಿಯ ಮೇಲಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ರಾಜ್ಯದಲ್ಲಿ ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು, ಉಳುವವನು ಒಡೆಯನಾದನು. ಆ ಒಕ್ಕಲಿನ ಮಗ ಈಗ ಅದೇ ಜಗಲಿಯ ಕುರ್ಚಿಯ ಮೇಲೆ ಕುಳಿತು ಮಾತನಾಡುತ್ತಾನೆ. ‘ಕಾಲ ಕೆಟ್ಟಿತು, ವಿನಯ ಹೋಯಿತು’ ಎಂದು ಒಳಮನೆಯ ಹಿರಿಯರು ನಿಟ್ಟುಸಿರುಬಿಡುತ್ತಾರೆ. ಭೂಮಿ ಕಳೆದುಕೊಂಡ ಜೈನ ಮನೆತನಗಳಲ್ಲಿ ಈ ನಿಟ್ಟುಸಿರು ತುಸು ದೀರ್ಘವಾಗಿಯೇ ಕೇಳಿಬರುತ್ತದೆ. ಭೂಮಿ ಹೋದ ನೋವು ಸಹಜವಾದುದು, ಅದನ್ನು ಹಗುರಾಗಿ ಕಾಣಬಾರದು. ಆದರೆ ಹೋದದ್ದು ಕತ್ತಿ. ಅದನ್ನು ವಿನಯದ ಖಾತೆಯಲ್ಲಿ ನಷ್ಟವೆಂದು ಬರೆಯುವುದು ತಪ್ಪು ಲೆಕ್ಕ.

ವರ್ತಕರ ಅಂಗಡಿಯ ಲೆಕ್ಕವೂ ಇದಕ್ಕಿಂತ ಶುದ್ಧವಾಗಿರಲಿಲ್ಲ. ಗಾದಿಯ ಮೇಲೆ ಲೋಡಿಗೊರಗಿ ಕುಳಿತ ಸಾಹುಕಾರರು ದೊಡ್ಡ ಖಾತೆಯ ಗಿರಾಕಿಗೆ ‘ದಯಮಾಡಿಸಬೇಕು’ ಎನ್ನುತ್ತಿದ್ದರು. ಅರ್ಧ ಸೇರು ಬೇಳೆಗೆ ಬಂದವಳಿಗೆ ‘ಏನು ಬೇಕೇ’. ಮೂಟೆ ಹೊರುವ ಹಮಾಲನಿಗೆ ಹೆಸರೂ ಇಲ್ಲ, ಒಂದು ‘ಲೋ’ ಮಾತ್ರ. ಕನ್ನಡದಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಾರೋ, ಬಾ, ಬನ್ನಿ, ಬರ್ರಿ ಎಂಬ ಒಂದೊಂದು ಕ್ರಿಯಾಪದದ ತುದಿಯಲ್ಲಿಯೂ ಎದುರಿನವನ ಬೆಲೆ ನಿಗದಿಯಾಗಿಬಿಡುತ್ತದೆ. ಇಂದು ಬ್ಯಾಂಕಿನ ಹಣದ ಯಂತ್ರದ ಮುಂದೆ ಅದೇ ಹಮಾಲ ನಿಂತರೆ ಯಂತ್ರವು ಕನ್ನಡದಲ್ಲಿ ಆತನನ್ನು ‘ನಿಮ್ಮ’ ಎಂದೇ ಸಂಬೋಧಿಸುತ್ತದೆ. ನಲವತ್ತು ವರ್ಷ ಒಡೆಯರ ಬಾಯಿಂದ ಬಾರದ ಬಹುವಚನ ಗಾಜಿನ ಪರದೆಯ ಮೇಲೆ ಮೂಡುತ್ತದೆ. ಅವನ ದೃಷ್ಟಿಯಿಂದ ನೋಡಿದರೆ ಸೌಜನ್ಯ ಕುಗ್ಗಿದೆಯೆ, ಬೆಳೆದಿದೆಯೆ?

ಹಾಗೆಂದು ಯಂತ್ರದ ಬಹುವಚನವನ್ನು ವಿನಯವೆನ್ನಲಾಗದು. ಯಂತ್ರಕ್ಕೆ ಇಳಿಸಬೇಕಾದ ಮಾನಕಷಾಯವಿಲ್ಲ. ಉಮಾಸ್ವಾತಿಗಳ ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯವು ವಿನಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತದೆ, ಜ್ಞಾನ, ದರ್ಶನ, ಚಾರಿತ್ರ, ಉಪಚಾರ ಎಂದು ಅದನ್ನು ನಾಲ್ಕಾಗಿ ವಿಭಾಗಿಸುತ್ತದೆ. ಎದ್ದು ನಿಲ್ಲುವುದು, ಎದುರ್ಗೊಳ್ಳುವುದು, ಕೈಮುಗಿಯುವುದು ಮುಂತಾದ ಹೊರಗಿನ ನಡತೆಯೆಲ್ಲ ನಾಲ್ಕನೆಯದಾದ ಉಪಚಾರ ವಿನಯಕ್ಕೆ ಸೇರಿದ್ದು. ಹೊರಗೆ ಕಾಣುವ ಈ ಉಪಚಾರವನ್ನೂ ಸೂತ್ರಕಾರರು ಅಂತರಂಗ ತಪಸ್ಸಿನ ಒಳಗೇ ಇರಿಸಿದರೆಂಬುದು ವಿಚಾರಾರ್ಹ. ಇದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದಾಚಾರ್ಯರು ಇನ್ನೊಂದು ಮಾತನ್ನು ಸೇರಿಸುತ್ತಾರೆ: ಆಚಾರ್ಯಾದಿಗಳು ಎದುರಿಗಿಲ್ಲದಾಗಲೂ ಮನ, ವಚನ, ಕಾಯಗಳಿಂದ ಅವರನ್ನು ಗೌರವಿಸುವುದು, ಅವರ ಗುಣಗಳನ್ನು ನೆನೆಯುವುದು ಉಪಚಾರ ವಿನಯವೇ. ಎದುರಿಗಿಲ್ಲದವರಿಗೆ ಅಂಜಿ ನಡೆಯುವವರು ಯಾರೂ ಇಲ್ಲ. ಅಂಜಿಕೆಯನ್ನು ಸೋಸಿ ತೆಗೆಯಲು ಇದಕ್ಕಿಂತ ಒಳ್ಳೆಯ ಜರಡಿ ದೊರೆಯಲಾರದು. ಗಿರಾಕಿ ಅಂಗಡಿಯ ಮೆಟ್ಟಿಲಿಳಿದ ಮೇಲೆ ಗುಮಾಸ್ತನೂ ಸಾಹುಕಾರನೂ ಅವನ ಬಗ್ಗೆ ಆಡಿಕೊಳ್ಳುವ ಮಾತಿನಲ್ಲಿ ಆ ಅಂಗಡಿಯ ವಿನಯವೆಷ್ಟೆಂಬುದು ಗೊತ್ತಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಶಾಸ್ತ್ರ ಹೇಳುವ ಉಪಚಾರ ವಿನಯ ಪೂಜ್ಯರ ಕುರಿತದ್ದು, ಹಮಾಲನ ಕುರಿತದ್ದಲ್ಲ ಎಂಬುದು. ಆಕ್ಷೇಪ ಸರಿಯಾದುದೇ. ಆದರೆ ಮದವನ್ನು ಬಿಡಬೇಕೆಂಬಲ್ಲಿ ಅಂತಹ ಮಿತಿಯಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಎಣಿಸುವ ಎಂಟು ಮದಗಳಲ್ಲಿ ಕುಲ, ಜಾತಿ, ಸಂಪತ್ತು, ಶರೀರಗಳ ಮದ ಸೇರಿವೆ. ಅವು ಕೆರಳುವುದು ತನಗಿಂತ ಕೆಳಗಿರುವನೆಂದು ತೋರುವವನ ಎದುರಿನಲ್ಲಿಯೇ ಹೊರತು ಪೂಜ್ಯರ ಎದುರಿನಲ್ಲಲ್ಲ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ನಡೆದ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು, ಅವರ ಬಳಿ ಟಿಕೇಟು ಇದ್ದರೂ, ಬಟ್ಟೆ ಕೊಳಕೆಂಬ ಕಾರಣಕ್ಕೆ ಸಿಬ್ಬಂದಿ ತಡೆದು ನಿಲ್ಲಿಸಿದರು. ಸಹಪ್ರಯಾಣಿಕರು ಪ್ರತಿಭಟಿಸಿದರು, ಸಿಬ್ಬಂದಿಯೊಡನೆ ವಾಗ್ವಾದಕ್ಕಿಳಿದರು, ನಡೆದುದನ್ನು ಚಿತ್ರೀಕರಿಸಿದರು. ಕೊನೆಗೆ ರೈತರು ರೈಲು ಹತ್ತಿದರು. ನಿಗಮವು ಆ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷದ ಜುಲೈಯಲ್ಲಿ ಅದೇ ನಗರದ ಮಾಲೊಂದರಲ್ಲಿ, ಚಲನಚಿತ್ರ ನೋಡಲು ಮಗನೊಡನೆ ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಏಳು ದಿನ ಆ ಮಾಲನ್ನು ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು.

ಶಿಷ್ಟಾಚಾರದ ಸಾಮಗ್ರಿಗೆ ಇಂತಹ ಸ್ಥಳಗಳಲ್ಲಿ ಕೊರತೆಯಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರವಿದೆ, ‘ಸರ್’, ‘ಮೇಡಂ’ ಎಂಬ ಸಂಬೋಧನೆಯಿದೆ, ಗೋಡೆಗಳ ಮೇಲೆ ಸ್ವಾಗತದ ಫಲಕವಿದೆ. ಹಳೆಯ ಜಗಲಿ ಮಾತ್ರ ಗಾಜಿನ ಬಾಗಿಲಾಗಿ ಎದ್ದು ನಿಂತಿದೆ. ಧ್ವನಿಯೇರಿಸಿ ವಾದಿಸಿದ ಆ ಪ್ರಯಾಣಿಕರನ್ನು ಶಿಷ್ಟಾಚಾರದ ಪುಸ್ತಕ ಮೆಚ್ಚಲಾರದು; ಆದರೂ ಆ ಗಳಿಗೆಯಲ್ಲಿ ವಿನಯ ಇದ್ದದ್ದು ಅವರ ಕಡೆಯಲ್ಲಿ. ಅವರಲ್ಲಿ ತರುಣರೂ ಇದ್ದರೆಂಬುದನ್ನು ಕಿರಿಯರನ್ನು ದೂರುವವರು ಮರೆಯಬಾರದು.

ಹಾಗಾದರೆ ನಷ್ಟವೇ ಆಗಿಲ್ಲವೆ? ಆಗಿದೆ, ಆದರೆ ಅದು ಬೇರೆ ಕಡೆ. ಹಳೆಯ ಅಂಗಡಿಯಲ್ಲಿ ಉದ್ದರಿ ಬರೆಯಬೇಕಾದರೆ ಗಿರಾಕಿಯ ಮುಖ ನೋಡಬೇಕಾಗಿತ್ತು. ಮಳೆ ಆಯಿತೆ, ಮಗಳ ಬಾಣಂತನ ಮುಗಿಯಿತೆ ಎಂದು ಕೇಳದೆ ಖಾತೆಯ ಪುಟ ತಿರುಗುತ್ತಿರಲಿಲ್ಲ; ಆ ವಿಚಾರಣೆಯಲ್ಲಿ ಸ್ವಾರ್ಥವಿತ್ತು, ಜತೆಗೆ ಮನುಷ್ಯನ ಅರಿವೂ ಇತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಸಂದಾಯವಾದುದನ್ನು ಕಟ್ಟೆಯ ಮೇಲಿನ ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಕೊಡುವವನು ಮೊಬೈಲನ್ನು ನೋಡುತ್ತಾನೆ, ಕೊಳ್ಳುವವನು ಪೆಟ್ಟಿಗೆಗೆ ಕಿವಿಗೊಡುತ್ತಾನೆ; ಒಬ್ಬರ ಮುಖವನ್ನೊಬ್ಬರು ನೋಡದೆ ವ್ಯವಹಾರ ಮುಗಿಯುತ್ತದೆ. ಸಾಲದ ಅವಮಾನ ತಪ್ಪಿತೆಂಬುದು ಇದರ ಲಾಭ, ಸಣ್ಣದಲ್ಲ. ಬಸ್ಸಿನ ಸಂಗತಿ ಇನ್ನೂ ಸ್ಪಷ್ಟ. ರಾಜ್ಯ ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೋಗಳನ್ನು ಜೋರಾಗಿ ಹಾಕಬಾರದೆಂದು 2021ರಲ್ಲಿ ಉಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಪಕ್ಕದವನಿಗೆ ಕಿವಿಯಿದೆ ಎಂಬ ನೆನಪನ್ನು ಕಾನೂನು ತಂದುಕೊಡಬೇಕಾದ ಸ್ಥಿತಿ ಇದು. ಇದರಲ್ಲಿ ಎಂಟು ಮದಗಳ ಪೈಕಿ ಯಾವುದೂ ಇದ್ದಂತಿಲ್ಲ. ಎದುರಿನವನ ಇರುವಿಕೆಯನ್ನೇ ಮರೆತ ಪ್ರಮಾದವಿದೆ. ಇದರಲ್ಲಿ ಹಿರಿಯರೂ ಕಿರಿಯರಿಗೆ ಹಿಂದೆ ಬಿದ್ದಿಲ್ಲ. ಬಸ್ಸಿನಲ್ಲಿ ಬೆಳಗಿನ ಭಜನೆಯನ್ನು ಎಲ್ಲರಿಗೂ ಕೇಳಿಸುವವರು ಸಾಮಾನ್ಯವಾಗಿ ತರುಣರಲ್ಲ.

ಬಾಹುಬಲಿಯ ಕಥೆಗೆ ಶ್ವೇತಾಂಬರ ಪರಂಪರೆಯಲ್ಲಿ ಇನ್ನೊಂದು ಕೊನೆಯಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ‘ತ್ರಿಷಷ್ಟಿಶಲಾಕಾಪುರುಷಚರಿತ್ರ’ದ ಪ್ರಕಾರ ಬಾಹುಬಲಿ ತಂದೆಯ ಬಳಿಗೆ ಹೋಗದೆ ಕಾಡಿನಲ್ಲಿ ನಿಂತದ್ದಕ್ಕೆ ಒಂದು ಕಾರಣವಿತ್ತು. ಅಲ್ಲಿ ಮೊದಲೇ ದೀಕ್ಷೆ ಪಡೆದಿದ್ದ ಕಿರಿಯ ಸೋದರರು ದೀಕ್ಷಾವಯಸ್ಸಿನಲ್ಲಿ ಹಿರಿಯರು; ಹೋದರೆ ಅವರಿಗೆ ಎರಗಬೇಕು. ಕೇವಲಜ್ಞಾನ ಪಡೆದ ಮೇಲೆಯೇ ಹೋಗೋಣವೆಂದು ಆತ ನಿಂತುಬಿಟ್ಟ. ಬಳ್ಳಿ ಹಬ್ಬಿತು, ವರ್ಷ ಕಳೆಯಿತು. ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆಯಿಂದ ಕೆಳಗಿಳಿಯೆಂದರು. ಕಾಡಿನಲ್ಲಿ ಆನೆ ಎಲ್ಲಿಯದೆಂದು ಯೋಚಿಸಿದಾಗ ಅದು ತನ್ನ ಮಾನವೇ ಎಂದು ಆತನಿಗೆ ಹೊಳೆಯಿತು. ತಮ್ಮಂದಿರಿಗೆ ಎರಗಲೆಂದು ಹೆಜ್ಜೆಯೆತ್ತಿದನು, ಕೇವಲಜ್ಞಾನ ಉದಯಿಸಿತು. ದಿಗಂಬರ ಪರಂಪರೆಯಲ್ಲಿ ಹಿರಿಯನಾದ ಭರತನೇ ಬಂದು ಕಿರಿಯನಾದ ಮುನಿಯ ಪಾದಕ್ಕೆರಗುತ್ತಾನೆ, ಬಾಹುಬಲಿಯ ಮನಸ್ಸಿನಲ್ಲಿ ಉಳಿದಿದ್ದ ಕೊರಗು ನೀಗುತ್ತದೆ. ಎರಡೂ ಕಡೆ ಕಥೆ ಮುಗಿಯುವುದು ದೊಡ್ಡವನು ಚಿಕ್ಕವನಿಗೆ ಬಾಗಲು ಸಿದ್ಧನಾದಾಗ.

ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯ ದಿನ ಇದು ನೆನಪಾಗಬೇಕಾದ ಸಂಗತಿ. ಮನೆಯಿಂದ ಮನೆಗೆ ಹೋಗಿ ಕೈಮುಗಿದು ಕ್ಷಮೆ ಬೇಡುವ ರೂಢಿ ಕ್ಷೀಣಿಸಿ, ಹೂವಿನ ಚಿತ್ರವುಳ್ಳ ಒಂದೇ ಸಂದೇಶ ಮುನ್ನೂರು ಮೊಬೈಲುಗಳಿಗೆ ಒಟ್ಟಿಗೆ ಹೋಗುತ್ತದೆ. ಎಂದೂ ನೋಯಿಸಿರದ ಅಪರಿಚಿತರಿಗೂ ಅದು ತಲುಪುತ್ತದೆ. ಆಸ್ತಿಯ ವ್ಯಾಜ್ಯದಲ್ಲಿ ಎದುರು ಪಕ್ಷಕ್ಕೆ ನಿಂತ ತಮ್ಮನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವನಿರುವುದು ಅನೇಕ ವೇಳೆ ಅದೇ ಮನೆಯ ಇನ್ನೊಂದು ಭಾಗದಲ್ಲಿ, ಪಾಲಾದಾಗ ನಡುವೆ ಎಬ್ಬಿಸಿದ ಗೋಡೆಯ ಆಚೆಗೆ.