ಆಳುಪರ ಹೊನ್ನಿನ ಜೋಡಿಮೀನು

ತುಳುನಾಡನ್ನು ಬಹುಕಾಲ ಆಳಿದ ಆಳುಪರ ಗದ್ಯಾಣಗಳ ಒಂದು ಮುಖದಲ್ಲಿ ಕೊಡೆಯ ಕೆಳಗೆ ಜೋಡಿಮೀನುಗಳೂ, ಮತ್ತೊಂದರಲ್ಲಿ ನಾಗರಿಯಲ್ಲಾಗಲಿ ಹಳಗನ್ನಡ ಲಿಪಿಯಲ್ಲಾಗಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವೂ ಇರುವುದು ನಾಣ್ಯಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ. ಕಡಲತಡಿಯ ಅರಸರು ತಮ್ಮ ನಾಡಿನ ಮೀನುಗಾರಿಕೆಯನ್ನು ಗೌರವಿಸಿ ಅದರ ಗುರುತನ್ನು ಹೊನ್ನಿನಲ್ಲಿ ಒತ್ತಿಸಿದರೆಂದು ಭಾವಿಸುವುದು ಸಹಜ. ಹುಳಿಮಾವಿನ ಕೆರೆಯನ್ನಲ್ಲದೆ ಬೇರೆ ಜಲರಾಶಿಯನ್ನು ದಿನವೂ ಕಾಣದ ನಮ್ಮಂತಹ ಒಳನಾಡಿನವರಿಗಂತೂ ಈ ಮಾತು ಬಹು ರಮ್ಯವಾಗಿ ತೋರುವುದು. ಆದರೆ ಅದು ವಿಮರ್ಶೆಗೆ ನಿಲ್ಲುವುದೇ ಎಂಬುದು ಪ್ರಕೃತ ವಿಚಾರ.

ನಾಣ್ಯದ ಎರಡು ಮುಖಗಳಿಗೂ ಏಕವಾಕ್ಯತೆಯಿರಬೇಕಷ್ಟೆ. ‘ಧನಂಜಯ’ನೆಂದರೆ ಅರ್ಜುನನು, ಪಾಂಡುವಿನ ಮಗನು. ‘ಪಾಂಡ್ಯ’ಶಬ್ದವನ್ನು ವಾರ್ತಿಕಕಾರನಾದ ಕಾತ್ಯಾಯನನು ಪಾಂಡುಶಬ್ದದಿಂದಲೇ ಸಾಧಿಸಿರುವನು. ಹೀಗೆ ಬಿರುದಿನ ಎರಡು ಪದಗಳೂ ಒಂದೇ ಮೂಲಕ್ಕೆ ಹೋಗಿ ಸೇರುವುವು. ಸೋಮಕುಲದವರೆಂದು ಹೇಳಿಕೊಂಡ ಆಳುಪರಿಗೆ ಇದು ಒಪ್ಪುವ ಹೆಸರೇ ಆಗಿದೆ. ಮಧುರೆಯ ಪಾಂಡ್ಯರ ಲಾಂಛನ ಮೀನೆಂಬುದು ಸರ್ವವಿದಿತ. ಬರಹವು ಪಾಂಡ್ಯನೆಂದು ಸಾರುತ್ತಿರಲು ಚಿತ್ರವು ಬಲೆಯನ್ನೂ ದೋಣಿಯನ್ನೂ ಸೂಚಿಸಿತೆಂದರೆ ವಾಕ್ಯಭೇದದೋಷ ಬರುವುದು. ಮೇಲಾಗಿ ಕೊಡೆಯೊಂದುಂಟು. ಶ್ವೇತಚ್ಛತ್ರವು ರಾಜಚಿಹ್ನೆಯೇ ಹೊರತು, ಮೀನು ಹಿಡಿಯುವವನ ತಲೆಯ ಮೇಲೆ ಅದನ್ನು ಯಾರೂ ಹಿಡಿದವರಲ್ಲ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಚಾಲುಕ್ಯರ ಲಾಂಛನವಾದ ಹಂದಿಯು ಹೊನ್ನನ್ನೇರಿ, ಅದರ ಹೆಸರೇ ನಾಣ್ಯಕ್ಕೆ ನಿಂತಿತು. ವಿಜಯನಗರದವರು ಉಮಾಮಹೇಶ್ವರರನ್ನೋ ಲಕ್ಷ್ಮೀನಾರಾಯಣರನ್ನೋ ಒತ್ತಿಸಿದಾಗಲೂ ಜನ ಅದನ್ನು ‘ವರಾಹ’ವೆಂದೇ ಕರೆದರು. ಅದು ಬೇಟೆಗಾರರ ಸ್ಮಾರಕವೆಂದು ಯಾರೂ ಹೇಳಿದಂತಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ: ವಾಚ್ಯಾರ್ಥ ವಂಶವೇ ಆಗಲಿ, ಕಡಲತಡಿಯಲ್ಲಿ ಮೀನೆಂದೊಡನೆ ಬಂಗುಡೆ ಬೂತಾಯಿಗಳು ಮನಸ್ಸಿಗೆ ಬಾರವೆ, ಅದು ವ್ಯಂಗ್ಯಾರ್ಥವಾಗಬಾರದೆ? ಆಗಬಹುದಿತ್ತು, ಆದರೆ ವ್ಯಂಜನೆಗೆ ಪ್ರಕರಣದ ನೆರವು ಬೇಕು. ಶಾಸನಗಳಲ್ಲಿ ಕಾಣುವ ಹೆಸರುಗಳು ‘ಬಾರಕೂರ ಗದ್ಯಾಣ’, ‘ಮಂಗಳೂರ ಗದ್ಯಾಣ’ ಎಂಬುವು. ಊರಿನ ಹೆಸರುಗಳೇ ಹೊರತು ಮೀನಿನದಲ್ಲ. ನೋಡುವವನ ಮನಸ್ಸಿಗೆ ತೋರಿದ್ದೆಲ್ಲವೂ ಧ್ವನಿಯಾದರೆ ಅಲಂಕಾರಶಾಸ್ತ್ರಕ್ಕೆ ಕೆಲಸವೇ ಉಳಿಯದು. (‘ಮೀನ’ಶಬ್ದವನ್ನು ಸಂಸ್ಕೃತವೇ ದ್ರಾವಿಡದಿಂದ ಪಡೆಯಿತೆಂಬ ಭಾಷಾಶಾಸ್ತ್ರಜ್ಞರ ಮತವು ಒಪ್ಪತಕ್ಕದ್ದಾದರೂ, ಅದು ಬೇರೆಯ ವಿಷಯ.)

ಈ ಚರ್ಚೆ ಬರಿಯ ಪದಜಾಲವೆಂದು ಎಣಿಸಬಾರದು. ಅರಸನ ಕುಲಾಭಿಮಾನವನ್ನು ಮೊಗವೀರರಿಗೆ ಸಂದ ಗೌರವವೆಂದು ಬರೆದರೆ, ಸಲ್ಲದ ಋಣವು ಸಂದಂತೆ ಲೆಕ್ಕಕ್ಕೆ ಸೇರುವುದು. ಅವರ ಉದ್ಯಮವು ಸ್ಮರಣೆಗೆ ಅರ್ಹವಾದುದೇ. ರಂಪಣಿಯೆಂಬ ನೀಳವಾದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ತುದಿಗಳನ್ನು ಹತ್ತಾರು ಜನರು ದಡದಲ್ಲಿ ನಿಂತು ಎಳೆದು, ದೊರೆತುದನ್ನು ಪಾಲುಮಾಡಿಕೊಳ್ಳುತ್ತಿದ್ದರು. ಒಬ್ಬನಿಂದಾಗುವ ಕೆಲಸವಲ್ಲ, ಒಬ್ಬನ ಲಾಭವೂ ಅಲ್ಲ. 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹಬ್ಬಲು, ರಂಪಣಿ ಹಿಂದೆ ಸರಿಯಿತು.

ಉದ್ಯಮವನ್ನೇ ಉದ್ದೇಶಿಸಿದ ಹೊನ್ನು ಹೇಗಿರುವುದೆಂಬುದಕ್ಕೆ ಕೆನಡಾದ ಉದಾಹರಣೆಯುಂಟು. ಅಲ್ಲಿನ ಟಂಕಸಾಲೆಯು 2007ರಲ್ಲಿ ಮೀನಿನ ವ್ಯಾಪಾರದ ಸ್ಮರಣಾರ್ಥವಾಗಿ 200 ಡಾಲರಿನ ಬಂಗಾರದ ನಾಣ್ಯವನ್ನು ಹೊರಡಿಸಿತು. ನ್ಯೂಫೌಂಡ್‌ಲೆಂಡಿನ ಕಡಲಿನಲ್ಲಿ ಕಾಡ್ ಮೀನು ಕ್ಷೀಣಿಸಿದುದರಿಂದ ಅದನ್ನು ಹಿಡಿಯುವುದನ್ನು ಅಲ್ಲಿನ ಸರ್ಕಾರವೇ 1992ರಲ್ಲಿ ತಡೆದಿತ್ತೆಂಬುದನ್ನು ನೆನೆದರೆ ಆ ಗೌರವ ತಡವಾಗಿಯೇ ಬಂದಿತೆನ್ನಬೇಕು. ಆದರೂ ಉದ್ದೇಶದಲ್ಲಿ ಸಂದಿಗ್ಧತೆಯಿಲ್ಲ. ನಮ್ಮ ದೇಶದಲ್ಲಿ ಆ ಜಾತಿಗೆ ಸೇರತಕ್ಕುದು ಆಳುಪರ ಗದ್ಯಾಣವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಂಬಂಧವಾಗಿ 1986ರಲ್ಲಿ ಮೀನುಗಾರಿಕೆಯ ಹೆಸರಿನಲ್ಲಿಯೇ ಹೊರಟ ಐವತ್ತು ಪೈಸೆಯ ನಾಣ್ಯ. ಅದು ತಾಮ್ರ ನಿಕ್ಕಲುಗಳ ಮಿಶ್ರಲೋಹದ್ದು.